ಗಾರೆಗೆ ಸಕ್ಕರೆ, ಸೋಪು, ಹಾಲು, ಬೂದಿ ಬೆರೆಸಿದರೆ ಆಗುವುದೇನು?

ಸಿಮೆಂಟು, ಮರಳು, ನೀರು: ಗಾರೆಗೆ ಬೇಕಿರುವುದು ಇಷ್ಟೇ. ಆದರೂ ಇದಕ್ಕೆ ಇನ್ನೊಂದೇನನ್ನಾದರೂ ಸೇರಿಸಿ ಬಲ ಹೆಚ್ಚಿಸಬೇಕೆಂಬ ಆಸೆ ಗಾರೆ ಕೆಲಸದಷ್ಟೇ ಹಳೆಯದು. ಹಿಂದೆ ಬೆಲ್ಲ, ಮೊಟ್ಟೆ, ಹಾಲು ಹಾಕುತ್ತಿದ್ದರು. ಈಗ ಪಾತ್ರೆ ತೊಳೆಯುವ ಲಿಕ್ವಿಡ್, ಬಿಳಿ ಗೋಂದು, ತಂಪು ಪಾನೀಯ, ಕಾಫಿ ಚರಟ, ಗಾಜಿನ ಪುಡಿ ಎಲ್ಲವೂ ಸಾಲಿನಲ್ಲಿವೆ. "ಇದನ್ನು ಹಾಕಿದರೆ ಗಾರೆ ಗಟ್ಟಿಯಾಗುತ್ತದೆಯೇ" ಎಂದು ಕೇಳಿದಾಗ ಥಟ್ಟನೆ ಹೌದು ಅಥವಾ ಇಲ್ಲ ಎನ್ನುವವರ ಮಾತನ್ನು ಪಕ್ಕಕ್ಕಿಡಿ. ಯಾವ ಬಲ, ಎಷ್ಟು ದಿನದ ಬಲ, ಎಷ್ಟು ನೀರಿನಲ್ಲಿ ಕಲಸಿದ ಗಾರೆ ಎಂದು ಗೊತ್ತಾಗದೆ ಆ ಪ್ರಶ್ನೆಗೆ ಉತ್ತರವೇ ಇಲ್ಲ.

ಗಾರೆಯ ಬಲ ಒಂದೇ ಅಲ್ಲ. ಅದುಮಿದಾಗ ತಡೆಯುವ ಬಲ ಒಂದು, ಬಾಗಿಸಿದಾಗ ತಡೆಯುವುದು ಇನ್ನೊಂದು, ಇಟ್ಟಿಗೆಗೆ ಕಚ್ಚಿಕೊಳ್ಳುವ ಹಿಡಿತ ಮೂರನೆಯದು. ಪುಸ್ತಕಗಳಲ್ಲಿ ಹೆಚ್ಚು ಕಾಣುವುದು ಮೊದಲನೆಯದು, ಏಕೆಂದರೆ ಅಳೆಯಲು ಅದೇ ಸುಲಭ. ಗೋಡೆಯಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಮೂರನೆಯದು. ಒಂದೇ ವಸ್ತು ಒಂದನ್ನು ಏರಿಸಿ ಇನ್ನೊಂದನ್ನು ಇಳಿಸುವುದು ತೀರಾ ಮಾಮೂಲು. ನೂರಾರು ವಸ್ತುಗಳ ಪಟ್ಟಿ ಬಾಯಿಪಾಠ ಮಾಡುವ ಬದಲು, ಯಾವ ವಸ್ತುವಾದರೂ ಗಾರೆಯೊಳಗೆ ಮಾಡಬಲ್ಲ ಕೆಲಸಗಳು ಬೆರಳೆಣಿಕೆಯಷ್ಟೇ ಎಂಬುದನ್ನು ತಿಳಿದರೆ ಸಾಕು. ಅದು ನೀರಿನ ಅಗತ್ಯವನ್ನು ಬದಲಿಸುತ್ತದೆ, ಗಾಳಿ ತುಂಬುತ್ತದೆ, ಸಿಮೆಂಟು ಗಟ್ಟಿಯಾಗುವ ರಾಸಾಯನಿಕ ಕ್ರಿಯೆಯನ್ನು ತಡೆಯುತ್ತದೆ ಇಲ್ಲವೇ ಓಡಿಸುತ್ತದೆ, ಅಥವಾ ಒಳಗೆ ಉಳಿಯುವ ಸುಣ್ಣದ ಜೊತೆ ಸೇರಿ ಹೊಸ ಅಂಟನ್ನು ಹುಟ್ಟಿಸುತ್ತದೆ.

ಬಲ ಬರುವುದು ಎಲ್ಲಿಂದ

ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ, ನೀರಿನೊಡನೆ ಸೇರಿ ಗಟ್ಟಿಯಾಗುತ್ತದೆ. ಕಣಗಳ ಸುತ್ತ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಅತಿ ಸೂಕ್ಷ್ಮ ರಚನೆ ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ, ಬಲ ಅಲ್ಲಿಯದು. ಜೊತೆಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣವೂ ಹುಟ್ಟುತ್ತದೆ. ಗಟ್ಟಿಯಾದ ಸಿಮೆಂಟಿನ ಘನ ಭಾಗದಲ್ಲಿ ಇದರ ಪಾಲು ಸುಮಾರು ಶೇ. 20ರಿಂದ 25. ಬಲಕ್ಕೆ ಇದರ ಕೊಡುಗೆ ಕಡಿಮೆ. ಬೂದಿ, ಗಾಜಿನ ಪುಡಿ ಕೆಲಸ ಮಾಡುವುದು ಈ ಸುಣ್ಣವನ್ನು ಹಿಡಿದುಕೊಂಡೇ, ಆದ್ದರಿಂದ ಇದು ನೆನಪಿನಲ್ಲಿರಲಿ.

ಒಂದು ಕೆ.ಜಿ. ಸಿಮೆಂಟು ರಾಸಾಯನಿಕವಾಗಿ ಕಟ್ಟಿಕೊಳ್ಳುವ ನೀರು ಸುಮಾರು 230 ಮಿ.ಲೀ. ಹುಟ್ಟಿದ ರಚನೆಯ ಸೂಕ್ಷ್ಮ ರಂಧ್ರಗಳಲ್ಲಿ ಇನ್ನೊಂದು 190 ಮಿ.ಲೀ. ಸಿಕ್ಕಿಕೊಳ್ಳುತ್ತದೆ. ಒಟ್ಟು 420. ಅದಕ್ಕಿಂತ ಹೆಚ್ಚು ಸುರಿದ ಪ್ರತಿ ಹನಿಯೂ ಕೊನೆಗೆ ತನ್ನ ಜಾಗ ಖಾಲಿ ಮಾಡಿ ಹೋಗುತ್ತದೆ, ಆ ಜಾಗ ರಂಧ್ರವಾಗಿ ಉಳಿಯುತ್ತದೆ. ಸಿಮೆಂಟಿನ ತೂಕದ ಅರ್ಧದಷ್ಟಿದ್ದ ನೀರನ್ನು 0.6 ಪಾಲಿಗೆ ಏರಿಸಿದರೆ 28 ದಿನದ ಬಲದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗ ಹೋಗುತ್ತದೆ. ಯಾವ ಮನೆಮದ್ದಿನ ಲಾಭವೂ ಇಷ್ಟು ನಷ್ಟವನ್ನು ಸುಲಭವಾಗಿ ತುಂಬಲಾರದು. "ಇದನ್ನು ಹಾಕಿದ ಮೇಲೆ ಗಾರೆ ಗಟ್ಟಿಯಾಯಿತು" ಎಂಬ ಎಷ್ಟೋ ಕಥೆಗಳ ಒಳಗುಟ್ಟು ಇಷ್ಟೇ: ಆ ಬಾರಿ ನೀರು ಕಡಿಮೆ ಬಿದ್ದಿತ್ತು.

ಸಕ್ಕರೆ: ಚಮಚದಲ್ಲಿ ಅಳೆಯುವ ವಿಷ

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಸಕ್ಕರೆಯ ಬಗ್ಗೆ. ಸಿಮೆಂಟಿನ ತೂಕದ ಶೇ. 0.05ರಷ್ಟು ಸಕ್ಕರೆ, ಅಂದರೆ 10 ಕೆ.ಜಿ. ಸಿಮೆಂಟಿಗೆ ಬರೀ 5 ಗ್ರಾಂ, ಸುಮಾರು ಒಂದು ಚಹಾ ಚಮಚ, ಸೆಟ್ ಆಗುವುದನ್ನು ನಾಲ್ಕು ತಾಸಿನಷ್ಟು ಮುಂದೂಡುತ್ತದೆ. ಶೇ. 0.2ರಿಂದ 1ರಷ್ಟಾದರೆ, ಅಂದರೆ ಅದೇ 10 ಕೆ.ಜಿ.ಗೆ 20ರಿಂದ 100 ಗ್ರಾಂ ಆದರೆ, ಗಾರೆ ಸೆಟ್ ಆಗುವುದೇ ಬಹುತೇಕ ನಿಂತುಹೋಗುತ್ತದೆ. ಕಾಂಕ್ರೀಟ್ ತುಂಬಿದ ಮಿಕ್ಸರ್ ಲಾರಿ ದಾರಿಯಲ್ಲಿ ಕೆಟ್ಟು ನಿಂತಾಗ ಡ್ರಮ್ಮಿಗೆ ಸಕ್ಕರೆ ಸುರಿಯುವುದು ಇದಕ್ಕೇ. ಇಲ್ಲದಿದ್ದರೆ ಡ್ರಮ್ ಒಳಗೆ ಬಂಡೆ.

ಸಕ್ಕರೆಯ ಅಣುಗಳು ಸಿಮೆಂಟಿನ ಕಣಗಳ ಮೇಲೂ, ಆಗಷ್ಟೇ ಮೊಳೆಯುತ್ತಿರುವ ಹೊಸ ಕಣಗಳ ಮೇಲೂ ಅಂಟಿಕೊಂಡು ಬೆಳವಣಿಗೆಯನ್ನು ತಡೆಯುತ್ತವೆ. ಹೀಗಾಗಿ ಮೊದಲ ದಿನಗಳ ಬಲ ಬಿದ್ದೇ ಬೀಳುತ್ತದೆ. ವಿಚಿತ್ರವೆಂದರೆ ಪ್ರಮಾಣ ಸಣ್ಣದಿದ್ದು, ತೇವ ಕಾಪಾಡಿದ್ದರೆ, ಸುಮಾರು ಏಳು ದಿನ ದಾಟಿದ ಮೇಲೆ ಸಕ್ಕರೆ ಹಾಕಿದ ಗಾರೆ ಹಾಕದ್ದಕ್ಕಿಂತ ಕೆಲವು ಪ್ರತಿಶತ ಮುಂದೆಯೇ ಹೋಗಬಹುದು. ನಿಧಾನವಾಗಿ ಬೆಳೆದ ರಚನೆ ಹೆಚ್ಚು ಒತ್ತಾಗಿ, ಸಮನಾಗಿ ಹರಡಿಕೊಂಡಿರುತ್ತದೆ. "ಸಕ್ಕರೆ ಬಲ ಕೊಡುತ್ತದೆ" ಎನ್ನುವವರೂ "ಸಕ್ಕರೆ ಗಾರೆಯನ್ನು ಕೊಲ್ಲುತ್ತದೆ" ಎನ್ನುವವರೂ ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿರುತ್ತಾರೆ. ವ್ಯತ್ಯಾಸ ಮೂರು ಚಮಚದ್ದು.

ಆದರೆ ಆ ಕೆಲವು ಪ್ರತಿಶತದ ಆಸೆಗೆ ಸಕ್ಕರೆ ಹಾಕುವುದು ಬುದ್ಧಿವಂತಿಕೆಯಲ್ಲ. ಸೆಟ್ ಆಗದ ಗಾರೆ ಅಷ್ಟು ಹೊತ್ತು ತೆರೆದಿರುತ್ತದೆ. ಗಾಳಿ-ಬಿಸಿಲಿಗೆ ಮೇಲಿನ ನೀರು ಹಾರಿ ಹೋಗಿ ಬಿರುಕು ಬಿಡುತ್ತದೆ, ಒಣ ಇಟ್ಟಿಗೆ ನೀರು ಹೀರಿಬಿಡುತ್ತದೆ, ಸಿಮೆಂಟು ಕೊನೆಗೆ ಎಚ್ಚರಗೊಳ್ಳುವ ಹೊತ್ತಿಗೆ ಅದಕ್ಕೆ ಬೇಕಾದ ನೀರೇ ಇರುವುದಿಲ್ಲ. ಇನ್ನೊಂದು ಸೂಕ್ಷ್ಮ: ಅದೇ ಸಕ್ಕರೆಯನ್ನು ಕಲಸುವ ನೀರಿನಲ್ಲೇ ಕರಗಿಸಿ ಹಾಕುವುದಕ್ಕಿಂತ, ಗಾರೆ ಕಲಸಿ ಎರಡು-ಮೂರು ನಿಮಿಷ ಕಳೆದ ಮೇಲೆ ಹಾಕಿದರೆ ತಡ ಇನ್ನೂ ಹೆಚ್ಚು. ಸಿಮೆಂಟಿನಲ್ಲಿರುವ ಅಲ್ಯುಮಿನೇಟ್ ಅಂಶ ಮೊದಲ ನಿಮಿಷಗಳಲ್ಲಿ ಸಕ್ಕರೆಯ ಒಂದಷ್ಟು ಪಾಲನ್ನು ಕಬಳಿಸುತ್ತದೆ. ತಡವಾಗಿ ಹಾಕಿದಾಗ ಅದರಿಂದ ತಪ್ಪಿಸಿಕೊಂಡ ಸಕ್ಕರೆಯೆಲ್ಲ ಬಲ ಕೊಡುವ ಸಿಲಿಕೇಟ್ ಕಣಗಳಿಗೆ ಅಡ್ಡ ಬರುತ್ತದೆ.

ಸಕ್ಕರೆ ಹೆಸರು ಬದಲಿಸಿಕೊಂಡು ಬರುವುದೂ ಉಂಟು. ಸಿಹಿ ತಂಪು ಪಾನೀಯದ ಲೀಟರಿನಲ್ಲಿ ಸುಮಾರು 100 ಗ್ರಾಂ ಸಕ್ಕರೆ ಇರುತ್ತದೆ, ಆದ್ದರಿಂದ 10 ಕೆ.ಜಿ. ಸಿಮೆಂಟಿಗೆ ಒಂದು ಲೋಟ ಪಾನೀಯ ಸುರಿದರೂ ಅಪಾಯದ ಅಂಚಿಗೆ ಬಂದಂತೆ. ಕೋಲಾಗಳಲ್ಲಿರುವ ಫಾಸ್ಫಾರಿಕ್ ಆಮ್ಲವೂ ತಡಮಾಡುವ ಜಾತಿಯದೇ. ಮರದ ಹೊಟ್ಟಿನಲ್ಲಿ ನೀರಿಗೆ ಕರಗುವ ಸಕ್ಕರೆಗಳೂ ಟ್ಯಾನಿನ್‌ಗಳೂ ಇರುತ್ತವೆ. ಹಾಗಾಗಿ ಹಗುರ ಗಾರೆಗೆಂದು ಹಸಿ ಹೊಟ್ಟು ಹಾಕಿದವರಿಗೆ ವಾರವಾದರೂ ಉಗುರಿನಲ್ಲಿ ಕೆರೆದರೆ ಉದುರುವ ಗಾರೆ ಸಿಗುತ್ತದೆ. ಹೊಟ್ಟನ್ನು ಬಿಸಿನೀರಿನಲ್ಲೋ ಸುಣ್ಣದ ನೀರಿನಲ್ಲೋ ನೆನೆಸಿ, ಬಸಿದು, ತೊಳೆದ ಮೇಲೆ ಬಳಸಿದರೆ ಈ ತೊಂದರೆ ಬಹಳ ಮಟ್ಟಿಗೆ ಇಳಿಯುತ್ತದೆ.

ಸೋಪು: ಮೆತ್ತಗಿನ ಗಾರೆಯ ಬೆಲೆ

ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಗಾರೆ ಕರಣೆಗೆ ಬೆಣ್ಣೆಯಂತೆ ಬರುತ್ತದೆ. ಕೆಲಸಗಾರರಿಗೆ ಇದು ಇಷ್ಟವಾಗುವುದು ಸಹಜ. ಆ ಮೃದುತ್ವ ಕೊಡುವುದು ಗಾಳಿ. ಸಾಬೂನಿನ ಅಣುಗಳು ಕಲಸುವಾಗ ಒಳನುಗ್ಗುವ ಗಾಳಿಯನ್ನು ಗುಳ್ಳೆಗಳಾಗಿ ಹಿಡಿದಿಡುತ್ತವೆ, ಮರಳಿನ ಕಣಗಳು ಆ ಗುಳ್ಳೆಗಳ ಮೇಲೆ ಜಾರುತ್ತವೆ.

ಕಾಂಕ್ರೀಟಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸ್ಥೂಲ ಲೆಕ್ಕ ಹೀಗಿದೆ: ಗಾಳಿ ಒಂದು ಪ್ರತಿಶತ ಹೆಚ್ಚಿದರೆ ಬಲ ಸುಮಾರು ಐದು ಪ್ರತಿಶತ ಇಳಿಯುತ್ತದೆ. ಗಾರೆಯಲ್ಲಿ ಶೇ. 6ರಷ್ಟಿದ್ದ ಗಾಳಿ ಸೋಪಿನಿಂದ ಶೇ. 18ಕ್ಕೆ ಏರಿತೆಂದಿಟ್ಟುಕೊಳ್ಳಿ. ಹನ್ನೆರಡು ಬಾರಿ ಐದೈದು ಪ್ರತಿಶತ ಕಳೆಯುತ್ತ ಹೋದರೆ ಉಳಿಯುವ ಬಲ ಅರ್ಧಕ್ಕಿಂತ ತುಸು ಹೆಚ್ಚು. ಸೋಪಿನಿಂದ ನೀರು ಕಡಿಮೆ ಸಾಕಾಗುತ್ತದೆ, ಅದರಿಂದ ಸ್ವಲ್ಪ ಮರಳಿ ಸಿಗುತ್ತದೆ ನಿಜ, ಪೂರ್ತಿ ಸಿಗುವುದಿಲ್ಲ. ಹಿಡಿತದ ಕಥೆ ಇನ್ನೂ ಕೆಟ್ಟದ್ದು. ಇಟ್ಟಿಗೆಗೂ ಗಾರೆಗೂ ನಡುವೆ ಗುಳ್ಳೆ ಕುಳಿತ ಕಡೆಯೆಲ್ಲ ಅಂಟು ಇಲ್ಲ.

ಗಾಳಿ ಎಷ್ಟು ಸೇರಿದೆ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಒಂದು ಲೀಟರಿನ ಗಟ್ಟಿ ಪಾತ್ರೆ ತೆಗೆದುಕೊಂಡು ಸೋಪಿಲ್ಲದ ಗಾರೆ ತುಂಬಿ, ತಟ್ಟಿ, ಮೇಲೆ ಸಮ ಮಾಡಿ ತೂಗಿ. 2.1 ಕೆ.ಜಿ. ಆಸುಪಾಸು ಬರುತ್ತದೆ. ಅದೇ ಅಳತೆಯ ಸೋಪಿನ ಗಾರೆ ತುಂಬಿ ತೂಗಿದಾಗ 1.83 ಕೆ.ಜಿ. ಬಂದರೆ, ಮೇಲೆ ಹೇಳಿದ 6ರಿಂದ 18ರ ಜಿಗಿತ ನಿಮ್ಮ ಪಾತ್ರೆಯಲ್ಲೇ ಆಗಿದೆ ಎಂದರ್ಥ.

"ಗಾಳಿ ಸೇರಿಸುವ ರಾಸಾಯನಿಕಗಳನ್ನು ಕಂಪನಿಗಳೇ ಮಾರುತ್ತವಲ್ಲ?" ಎಂದು ಕೇಳಬಹುದು. ಹೌದು. ಅವು ಕೊಡುವ ಗುಳ್ಳೆಗಳು ಅತಿ ಸಣ್ಣವು, ಒಂದಕ್ಕೊಂದು ಹತ್ತಿರ, ಒಡೆಯದೆ ಉಳಿಯುವಂಥವು. ಹೆಪ್ಪುಗಟ್ಟುವ ಚಳಿಯಲ್ಲಿ ನೀರು ಮಂಜುಗಡ್ಡೆಯಾಗಿ ಹಿಗ್ಗುವಾಗ ಅದಕ್ಕೆ ಜಾಗ ಕೊಟ್ಟು ಗಾರೆಯನ್ನು ಉಳಿಸುತ್ತವೆ, ಮತ್ತು ಪ್ರಮಾಣ ನಿಯಂತ್ರಣದಲ್ಲಿರುತ್ತದೆ. ಪಾತ್ರೆಯ ಲಿಕ್ವಿಡ್ಡಿನಲ್ಲಿ ಗುಳ್ಳೆಗಳ ಗಾತ್ರ ಅಡ್ಡಾದಿಡ್ಡಿ, ಮಿಕ್ಸರ್ ಎರಡು ನಿಮಿಷ ಹೆಚ್ಚು ತಿರುಗಿದರೆ ಗಾಳಿಯೂ ಹೆಚ್ಚು, ಬ್ರಾಂಡು ಬದಲಾದರೆ ಲೆಕ್ಕವೂ ಬದಲು. ಅಂಥ ಲಿಕ್ವಿಡ್‌ಗಳನ್ನು ದಪ್ಪ ಮಾಡಲು ಅಡುಗೆ ಉಪ್ಪನ್ನೇ ಬಳಸುವುದುಂಟು. ಅದು ಆಮೇಲೆ ಗೋಡೆಯ ಮೇಲೆ ಬಿಳಿ ಪುಡಿಯಾಗಿ ಏಳಲು ಕಾಯುತ್ತಿರುತ್ತದೆ.

ಮೆತ್ತಗಿನ ಗಾರೆಯೇ ಬೇಕೆಂದರೆ ಅದಕ್ಕೆ ನೇರ ದಾರಿ ಅರಳಿದ ಸುಣ್ಣ. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು. ಸುಣ್ಣ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಾರೆ ಇಟ್ಟಿಗೆಯ ಗುಂಡಿಗಳಿಗೆಲ್ಲ ಇಳಿಯುತ್ತದೆ. ಅದುಮುವ ಬಲ ಬರೀ ಸಿಮೆಂಟು ಗಾರೆಗಿಂತ ಕಡಿಮೆ, ಹಿಡಿತ ಒಳ್ಳೆಯದು. ಗೋಡೆ ಕೇಳುವುದು ಅದನ್ನೇ.

ಹಳೆಯ ಗಾರೆಯ ಪಾಕ ಹೊಸ ಸಿಮೆಂಟಿಗೆ ಒಗ್ಗದು

ಬೆಲ್ಲ, ಮೊಟ್ಟೆಯ ಬಿಳಿ, ಹಾಲು, ಅಕ್ಕಿ ಗಂಜಿ ಹಾಕಿ ಕಟ್ಟಿದ ಕಟ್ಟಡಗಳು ಶತಮಾನಗಳಿಂದ ನಿಂತಿವೆ, ಹಾಗಾದರೆ ಇವತ್ತೂ ಹಾಕೋಣ ಎಂಬ ವಾದ ಆಗಾಗ ಕೇಳಿಬರುತ್ತದೆ. ಆ ಕಟ್ಟಡಗಳೂ ನಿಜ, ಆ ಪದಾರ್ಥಗಳು ಕೆಲಸ ಮಾಡಿದ್ದೂ ನಿಜ. ಅವು ಕೆಲಸ ಮಾಡಿದ್ದು ಸುಣ್ಣದ ಗಾರೆಯಲ್ಲಿ. ಸುಣ್ಣ ಗಟ್ಟಿಯಾಗುವ ರೀತಿಯೇ ಬೇರೆ: ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಾಗುತ್ತದೆ, ತಿಂಗಳುಗಳು, ವರ್ಷಗಳು ಹಿಡಿಯುತ್ತವೆ. ಅಲ್ಲಿ ತಡಮಾಡುವ ಪದಾರ್ಥಕ್ಕೆ ತಡೆಯಲು ಸಿಮೆಂಟಿನ ಕ್ರಿಯೆಯೇ ಇಲ್ಲ. ಬದಲಿಗೆ ಸಕ್ಕರೆ ಬೇರೆಯದೇ ಉಪಕಾರ ಮಾಡುತ್ತದೆ. ಬರೀ ನೀರಿನಲ್ಲಿ ಲೀಟರಿಗೆ ಎರಡು ಗ್ರಾಮಿಗಿಂತ ಕಡಿಮೆ ಕರಗುವ ಸುಣ್ಣ, ಸಕ್ಕರೆ ನೀರಿನಲ್ಲಿ ಹಲವು ಪಟ್ಟು ಹೆಚ್ಚು ಕರಗಿ ಕಣಗಳ ಸಂದಿಗಳಿಗೆ ಹೋಗುತ್ತದೆ.

ಚೀನಾದ ಹಳೆಯ ಕೋಟೆ-ಗೋಡೆಗಳಲ್ಲಿ, ಮುಖ್ಯವಾಗಿ ಮಿಂಗ್ ಕಾಲದವುಗಳಲ್ಲಿ, ಬಳಸಿದ ಅಂಟಕ್ಕಿ-ಸುಣ್ಣದ ಗಾರೆಯನ್ನು ಝೆಜಿಯಾಂಗ್ ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಅಕ್ಕಿಯ ಪಿಷ್ಟದಲ್ಲಿರುವ ಅಮೈಲೋಪೆಕ್ಟಿನ್, ಸುಣ್ಣದ ಕಲ್ಲಿನ ಹರಳುಗಳು ದೊಡ್ಡದಾಗಿ ಬೆಳೆಯದಂತೆ ತಡೆದು, ಸಣ್ಣ ಹರಳುಗಳ ಒತ್ತಾದ ರಚನೆ ಬರುವಂತೆ ಮಾಡುತ್ತದೆ ಎಂಬುದು ಅವರು ಕಂಡುಕೊಂಡದ್ದು. ಅದೇ ಗಂಜಿಯನ್ನು ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅಂದರೆ ಇಂದಿನ ಮಾಮೂಲಿ ಸಿಮೆಂಟಿಗೆ, ಹಾಕಿದರೆ ಆಗುವುದು ಗಾರೆ ದಪ್ಪಗಾಗುವುದು ಮತ್ತು ಸೆಟ್ ತಡವಾಗುವುದು.

ಹಾಲಿನ ಲೆಕ್ಕವನ್ನು ಕೂಡಿಸಿ ನೋಡಿದರೆ ಭಯವಾಗುತ್ತದೆ. ಹಸುವಿನ ಹಾಲಿನ ಲೀಟರಿನಲ್ಲಿ ಸುಮಾರು 48 ಗ್ರಾಂ ಲ್ಯಾಕ್ಟೋಸ್ ಇದೆ. 10 ಕೆ.ಜಿ. ಸಿಮೆಂಟಿಗೆ ನೀರಿನ ಬದಲು 5 ಲೀಟರ್ ಹಾಲು ಸುರಿದರೆ 240 ಗ್ರಾಂ ಹಾಲು-ಸಕ್ಕರೆ, ಅಂದರೆ ಶೇ. 2.4. ಲ್ಯಾಕ್ಟೋಸ್ ನಮ್ಮ ಅಡುಗೆಯ ಸಕ್ಕರೆಯಷ್ಟು ಉಗ್ರವಲ್ಲ, ಆದರೆ ಈ ಪ್ರಮಾಣದಲ್ಲಿ ಅದೂ ಸಾಕು. ಕೊಬ್ಬು ಬೇರೆ. ಹಾಲಿನ ಪ್ರೋಟೀನಾದ ಕೇಸೀನ್ ಮಾತ್ರ ಸುಣ್ಣದೊಡನೆ ಸೇರಿ ಒಳ್ಳೆಯ ಅಂಟಾಗುತ್ತದೆ. ತಾನೇ ಹರಿದು ಸಮವಾಗುವ ನೆಲದ ಗಾರೆಗಳಲ್ಲಿ ಕೇಸೀನನ್ನು ಬಳಸಿಯೂ ಇದ್ದಾರೆ. ಸ್ವೀಡನ್ನಿನಲ್ಲಿ 1970ರ ದಶಕದ ಕೊನೆಯ ಹೊತ್ತಿಗೆ ಅಂಥ ನೆಲಗಳು ಹೆಚ್ಚಾಗಿದ್ದವು. ತೇವ ನಿಂತ ಕಡೆ ಕ್ಷಾರದಲ್ಲಿ ಆ ಪ್ರೋಟೀನ್ ಒಡೆದು ಅಮೋನಿಯಾ ಬಿಡತೊಡಗಿ, ಮನೆಯೊಳಗೆ ವಾಸನೆ, ನೆಲದ ಮರ ಕಪ್ಪಾಗುವುದು ಮುಂತಾದ ದೂರುಗಳು ಎದ್ದವು. ಸಿಮೆಂಟಿನೊಳಗಿನ ತೇವ ಎಷ್ಟು ಕ್ಷಾರೀಯವೆಂದರೆ ಅದರ ಪಿಎಚ್ 12.5ರ ಮೇಲೇ ಇರುತ್ತದೆ. ಜೀವಿಮೂಲದ ಯಾವ ವಸ್ತುವಿಗೂ ಅಲ್ಲಿ ಬಾಳಿಕೆ ಕಷ್ಟ.

ಗೋಂದು ಮತ್ತು ಲ್ಯಾಟೆಕ್ಸ್

ಮರಕ್ಕೆ ಬಳಸುವ ಬಿಳಿ ಗೋಂದು ಪಾಲಿವಿನೈಲ್ ಅಸಿಟೇಟ್, ಅಂದರೆ ಪಿವಿಎ. ಗಾರೆಗೆ ಬೆರೆಸಿದಾಗ ಒಣಗಿರುವವರೆಗೆ ಹಿಡಿತ ಚೆನ್ನಾಗಿಯೇ ಇರುತ್ತದೆ. ನೀರು ತಗುಲಿದಾಗ ಕ್ಷಾರದಿಂದ ಅದು ಒಡೆದು, ನೀರಿಗೆ ಮೆತ್ತಗಾಗುವ ಪಾಲಿವಿನೈಲ್ ಆಲ್ಕೊಹಾಲ್ ಆಗುತ್ತದೆ. ಬಚ್ಚಲು, ಹೊರಗೋಡೆ, ಟೆರೇಸಿನಲ್ಲಿ ಬಳಸಿದ ತೇಪೆ ಮಳೆಗಾಲದ ನಂತರ ಹಪ್ಪಳದಂತೆ ಏಳುವುದು ಇದರಿಂದ.

ಈ ಕೆಲಸಕ್ಕೆಂದೇ ಮಾಡಿದ ಎಸ್‌ಬಿಆರ್ (ಒಂದು ಕೃತಕ ರಬ್ಬರ್) ಅಥವಾ ಅಕ್ರಿಲಿಕ್ ಲ್ಯಾಟೆಕ್ಸ್, ಅಂದರೆ ಪಾಲಿಮರ್‌ನ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುವ ಹಾಲಿನಂಥ ದ್ರವ, ಬೇರೆ ಮಟ್ಟದ್ದು. ಸಿಮೆಂಟಿನ ತೂಕದ ಶೇ. 10ರಿಂದ 20ರಷ್ಟು ಘನ ಪಾಲಿಮರ್ ಇದ್ದರೆ ಬಾಗುವ ಬಲವೂ ಹಿಡಿತವೂ ಸ್ಪಷ್ಟವಾಗಿ ಏರುತ್ತವೆ. ಅದುಮುವ ಬಲ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ ಅಥವಾ ತುಸು ಇಳಿಯುತ್ತದೆ. ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು ನೀರಿನ ಲೆಕ್ಕ. ಲ್ಯಾಟೆಕ್ಸಿನ ಅರ್ಧದಷ್ಟು ನೀರೇ. ಒಂದು ಕೆ.ಜಿ. ಸಿಮೆಂಟಿಗೆ ಶೇ. 10ರಂತೆ 100 ಗ್ರಾಂ ಪಾಲಿಮರ್ ಬೇಕೆಂದರೆ 200 ಗ್ರಾಂ ಲ್ಯಾಟೆಕ್ಸ್ ಸುರಿಯಬೇಕು, ಅದರ ಜೊತೆ 100 ಗ್ರಾಂ ನೀರೂ ಬಂದಿರುತ್ತದೆ. ಕಲಸುವ ನೀರಿನಿಂದ ಅಷ್ಟನ್ನು ಕಳೆಯದಿದ್ದರೆ ಲ್ಯಾಟೆಕ್ಸಿಗೆ ಕೊಟ್ಟ ಹಣವೆಲ್ಲ ನೀರುಪಾಲು. ಇನ್ನೊಂದು ಕ್ಯೂರಿಂಗ್. ಮಾಮೂಲಿ ಗಾರೆಯಂತೆ ಇದನ್ನು ವಾರಗಟ್ಟಲೆ ನೆನೆಸಬಾರದು. ಒಂದರಿಂದ ಮೂರು ದಿನ ತೇವವಾಗಿಟ್ಟು, ಆಮೇಲೆ ಗಾಳಿಗೆ ಬಿಡಬೇಕು. ಪಾಲಿಮರ್ ಕಣಗಳು ಒಂದಾಗಿ ಪೊರೆಯಾಗುವುದು ನೀರು ಆರಿದಾಗಲೇ. ಲ್ಯಾಟೆಕ್ಸೂ ಕಲಸುವಾಗ ನೊರೆ ಕಟ್ಟುತ್ತದೆ, ಅದಕ್ಕೇ ಒಳ್ಳೆಯ ಉತ್ಪನ್ನಗಳಲ್ಲಿ ನೊರೆ ಮುರಿಯುವ ಅಂಶ ಮೊದಲೇ ಸೇರಿಸಿರುತ್ತಾರೆ. ಡಬ್ಬಿಯನ್ನು ಜೋರಾಗಿ ಕಲಕಬೇಡಿ.

ಬೂದಿ, ಗಾಜು, ಸುಟ್ಟ ಚರಟ

ಮನೆಮದ್ದಿನ ಸಾಲಿನಲ್ಲಿ ನಿಜವಾಗಿ ಬಲ ಏರಿಸುವ ಸಾಮರ್ಥ್ಯ ಇರುವುದು ಈ ಗುಂಪಿಗೆ. ಮೇಲೆ ಹೇಳಿದ ಶೇ. 20-25ರ ದುರ್ಬಲ ಸುಣ್ಣದೊಂದಿಗೆ ಹರಳುಗಟ್ಟದ ಸಿಲಿಕಾ ಸೇರಿದರೆ ಮತ್ತಷ್ಟು ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಹುಟ್ಟುತ್ತದೆ. ಇದನ್ನು ಪೊಜೊಲಾನಿಕ್ ಕ್ರಿಯೆ ಎನ್ನುತ್ತಾರೆ. "ಹರಳುಗಟ್ಟದ" ಎಂಬ ಮಾತಿನ ಮೇಲೇ ಎಲ್ಲ ನಿಂತಿದೆ. ಮರಳೂ ಸಿಲಿಕಾವೇ, ಆದರೆ ಹರಳುಗಟ್ಟಿದ್ದರಿಂದ ಅದು ಸುಮ್ಮನೆ ಕೂತಿರುತ್ತದೆ.

ಭತ್ತದ ಹೊಟ್ಟಿನ ಬೂದಿಯಲ್ಲಿ ಶೇ. 85ರಿಂದ 95ರವರೆಗೆ ಸಿಲಿಕಾ ಇರುತ್ತದೆ. 500ರಿಂದ 700 ಡಿಗ್ರಿ ಸೆಲ್ಸಿಯಸ್ ನಡುವೆ ಹತೋಟಿಯಲ್ಲಿ ಸುಟ್ಟಿದ್ದರೆ ಅದು ಹರಳುಗಟ್ಟದೆ, ಚುರುಕಾಗಿ ಉಳಿಯುತ್ತದೆ. ಕಾವು ಇನ್ನೂ ಏರಿ ಹೆಚ್ಚು ಹೊತ್ತು ನಿಂತರೆ ಹರಳುಗಟ್ಟಿ ನಿಷ್ಪ್ರಯೋಜಕ. ಕಡಿಮೆ ಕಾವಿನಲ್ಲಿ ಅರೆಬರೆ ಸುಟ್ಟಿದ್ದರೆ ಕಪ್ಪು ಇಂಗಾಲ ಉಳಿದು ನೀರು ಹೀರುತ್ತದೆ. ರಾಶಿ ಹಾಕಿ ಬೆಂಕಿ ಕೊಟ್ಟ ಹೊಟ್ಟಿನಲ್ಲಿ ಈ ಮೂರೂ ಬೆರೆತಿರುತ್ತವೆ, ಹಾಗಾಗಿ ಒಂದು ಬುಟ್ಟಿಯ ಫಲಿತಾಂಶ ಇನ್ನೊಂದು ಬುಟ್ಟಿಗೆ ಹೊಂದದು. ಚೆನ್ನಾಗಿ ಅರೆದ ಒಳ್ಳೆಯ ಬೂದಿಯಿಂದ ಸಿಮೆಂಟಿನ ಶೇ. 10-15ನ್ನು ಬದಲಿಸಬಹುದು. ಅದರ ಕಣಗಳ ಒಳಗೆಲ್ಲ ರಂಧ್ರಗಳಿರುವುದರಿಂದ ಗಾರೆ ಬಿಗಿಯಾಗುತ್ತದೆ. ನೀರು ಹೆಚ್ಚು ಸುರಿದು ಸರಿಮಾಡಿದರೆ ಗಳಿಸಿದ್ದೆಲ್ಲ ಹೋಯಿತು, ನೀರು ಹೆಚ್ಚಿಸದೆಯೇ ಗಾರೆಯನ್ನು ಸಡಿಲಗೊಳಿಸುವ ಸೂಪರ್‌ಪ್ಲಾಸ್ಟಿಸೈಸರ್ ಬಳಸಬೇಕು. ಏಳು ದಿನಕ್ಕೆ ಫಲಿತಾಂಶ ನೋಡಿ ನಿರಾಶರಾಗಬೇಡಿ. ಪೊಜೊಲಾನಿಕ್ ಕ್ರಿಯೆ ಸಾಮಾನ್ಯವಾಗಿ ನಿಧಾನದ್ದು, 28 ಮತ್ತು 90 ದಿನಗಳ ಅಳತೆಯೇ ನ್ಯಾಯ, ಅದೂ ತೇವ ತಪ್ಪಿಸದೆ ಇಟ್ಟಿದ್ದರೆ.

ಸೌದೆಯ ಒಲೆಯ ಬೂದಿಯನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬಾರದು. ಅದರಲ್ಲಿ ಹೆಚ್ಚಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಪೊಟ್ಯಾಶಿಯಂ ಲವಣಗಳು. ಬಲ ಕೊಡುವುದಕ್ಕಿಂತ ಗೋಡೆಗೆ ಬಿಳಿ ಪುಡಿ ಕೊಡುವುದೇ ಹೆಚ್ಚು.

ಗಾಜಿನ ವಿಷಯದಲ್ಲಿ ಗಾತ್ರವೇ ಹಣೆಬರಹ. 75 ಮೈಕ್ರಾನಿಗಿಂತ ನುಣ್ಣಗೆ, ಅಂದರೆ ಸಿಮೆಂಟಿನಷ್ಟೇ ನುಣ್ಣಗೆ ಅರೆದರೆ ಗಾಜು ಪೊಜೊಲಾನ್‌ನಂತೆ ವರ್ತಿಸುತ್ತದೆ. ಅದೇ ಗಾಜು ಮರಳಿನ ಗಾತ್ರದ ಚೂರುಗಳಾಗಿದ್ದರೆ ಸಿಮೆಂಟಿನ ಕ್ಷಾರ ಅದರ ಮೇಲ್ಮೈಯಲ್ಲಿ ನೀರು ಕುಡಿದು ಉಬ್ಬುವ ಜೆಲ್ ಹುಟ್ಟಿಸುತ್ತದೆ. ತಿಂಗಳುಗಳ ಮೇಲೆ ಒಳಗಿನಿಂದಲೇ ಬಿರುಕು.

ಕಾಫಿ ಚರಟದ ಸುದ್ದಿ 2023ರಲ್ಲಿ ಎಲ್ಲೆಡೆ ಓಡಾಡಿತು. ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದವರು ಚರಟದಿಂದ ಕಾಂಕ್ರೀಟಿನ ಬಲವನ್ನು ಸುಮಾರು ಶೇ. 30 ಹೆಚ್ಚಿಸಿದರು ಎಂಬುದು ಸರಿ. ತಲೆಬರಹದಲ್ಲಿ ಬಿಟ್ಟುಹೋದದ್ದು ಇದು: ಅವರು ಚರಟವನ್ನು ಆಮ್ಲಜನಕವಿಲ್ಲದೆ 350 ಡಿಗ್ರಿಯಲ್ಲಿ ಕಾಯಿಸಿ ಜೈವಿಕ ಇದ್ದಿಲು ಮಾಡಿ, ಅದರಿಂದ ಮರಳಿನ ಶೇ. 15ನ್ನು ಬದಲಿಸಿದ್ದರು. ಹಸಿ ಚರಟ ಹಾಕಿದಾಗ ಅದರಿಂದ ಸೋರುವ ಜೀವಿಮೂಲದ ಅಂಶಗಳಿಂದ ಬಲ ಇಳಿಯಿತು. ಫಿಲ್ಟರಿನಲ್ಲಿ ಉಳಿದದ್ದನ್ನು ನೇರವಾಗಿ ಗಾರೆಗೆ ಸುರಿದರೆ ನಿಮಗೆ ಸಿಗುವುದು ಎರಡನೆಯ ಫಲಿತಾಂಶ.

ಇನ್ನು ಉಳಿದವು ಬೇಗ ಮುಗಿಯುತ್ತವೆ. ಅಡುಗೆ ಉಪ್ಪು ಮೊದಲ ದಿನಗಳ ಬಲವನ್ನು ಸ್ವಲ್ಪ ಏರಿಸಿ ನಂತರದ್ದನ್ನು ಇಳಿಸುತ್ತದೆ. ಸಮುದ್ರದ ನೀರಿನಲ್ಲಿ ಕಲಸಿದರೆ ದೀರ್ಘಕಾಲದ ಬಲ ಸಾಮಾನ್ಯವಾಗಿ ಶೇ. 15ರವರೆಗೆ ಕುಸಿಯಬಹುದು. ಬಲಕ್ಕಿಂತ ದೊಡ್ಡ ಚಿಂತೆ ಕಬ್ಬಿಣದ್ದು, ಕ್ಲೋರೈಡ್ ತಗುಲಿದ ಸರಳು ತುಕ್ಕು ಹಿಡಿದೇ ಹಿಡಿಯುತ್ತದೆ. ವಾಷಿಂಗ್ ಸೋಡಾ ಸೆಟ್ ಆಗುವುದನ್ನು ಓಡಿಸಿ ಮುಂದಿನ ಬಲವನ್ನು ಕೆಡಿಸುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಸೇರಿಸಿದ ಸಿಮೆಂಟು ಗಾರೆ ನಿಮಿಷಗಳಲ್ಲಿ ಬಿಗಿಯುತ್ತದೆ, ನೋಡುವವರಿಗೆ ಖುಷಿ. ಆಮೇಲೆ ತೇವ ಸಿಕ್ಕಾಗ ಹೆಚ್ಚುವರಿ ಸಲ್ಫೇಟು ಎಟ್ರಿಂಗೈಟ್ ಎಂಬ ಸೂಜಿ ಹರಳುಗಳಾಗಿ ಬೆಳೆದು ಗಾರೆಯನ್ನು ಉಬ್ಬಿಸಿ ಒಡೆಯುತ್ತದೆ. ಎಣ್ಣೆ ಮರಳಿಗೆ ಪೊರೆ ಕಟ್ಟಿ ಹಿಡಿತ ತಪ್ಪಿಸುತ್ತದೆ. ಅಲ್ಯುಮಿನಿಯಂ ಪುಡಿ ಕ್ಷಾರದಲ್ಲಿ ಹೈಡ್ರೋಜನ್ ಬಿಡುತ್ತದೆ, ಗಾರೆ ಬ್ರೆಡ್ಡಿನಂತೆ ಉಬ್ಬುತ್ತದೆ. ಮುಚ್ಚಿದ ಕೋಣೆಯಲ್ಲಿ, ಬೆಂಕಿಯ ಹತ್ತಿರ ಇದರ ಪ್ರಯೋಗ ಬೇಡವೇ ಬೇಡ.

ನೀವೇ ಪರೀಕ್ಷಿಸುವುದಾದರೆ

ಪ್ರಯೋಗಾಲಯದ ಘನಗಳನ್ನು ಮನೆಯಲ್ಲಿ ಒಡೆಯಲಾಗದು. 50 ಮಿ.ಮೀ. ಘನ 20 ಮೆಗಾಪಾಸ್ಕಲ್ (ಪ್ರತಿ ಚದರ ಮಿ.ಮೀ.ಗೆ 20 ನ್ಯೂಟನ್) ತಡೆದರೆ ಒಡೆಯಲು ಐದು ಟನ್ ಹೇರಬೇಕು. ಸಣ್ಣ ಪಟ್ಟಿಗಳನ್ನು ಬಾಗಿಸಿ ಮುರಿಯುವುದು ಕೈಗೆಟಕುವ ದಾರಿ.

20 ಮಿ.ಮೀ. ಅಗಲ, 20 ಮಿ.ಮೀ. ಎತ್ತರ, 160 ಮಿ.ಮೀ. ಉದ್ದದ ಅಚ್ಚುಗಳನ್ನು ಪ್ಲೈವುಡ್ಡಿನಿಂದ ಮಾಡಿ, ಒಳಗೆ ಎಣ್ಣೆಯನ್ನು ಬಟ್ಟೆಯಿಂದ ತೆಳ್ಳಗೆ ಒರೆಸಿ. ಮರಳನ್ನು 2.36 ಮಿ.ಮೀ. ಜರಡಿಯಲ್ಲಿ ಸೋಸಿ, ಪೂರ್ತಿ ಒಣಗಿಸಿ. ಹಸಿ ಮರಳಿನಲ್ಲಿರುವ ನೀರು ಲೆಕ್ಕ ತಪ್ಪಿಸುತ್ತದೆ. ಸಿಮೆಂಟು 250 ಗ್ರಾಂ, ಮರಳು 750 ಗ್ರಾಂ, ನೀರು 125 ಗ್ರಾಂ ಹಾಕಿದರೆ ಎಂಟು ಪಟ್ಟಿಗೆ ಸಾಲುತ್ತದೆ. ಎಲ್ಲವನ್ನೂ ತೂಗಿಯೇ ಹಾಕಬೇಕು, ಲೋಟದ ಅಳತೆ ಬೇಡ. ಕೈಗವಸು ಇರಲಿ.

ಸಕ್ಕರೆಯಂಥ ಅಲ್ಪ ಪ್ರಮಾಣದ ವಸ್ತುವನ್ನು ಅಡುಗೆಮನೆಯ ತಕ್ಕಡಿ ತೂಗಲಾರದು. 250 ಗ್ರಾಂ ಸಿಮೆಂಟಿಗೆ ಶೇ. 0.05 ಎಂದರೆ 0.125 ಗ್ರಾಂ. 5 ಗ್ರಾಂ ಸಕ್ಕರೆಯನ್ನು ಒಂದು ಲೀಟರ್ ದ್ರಾವಣ ಮಾಡಿಕೊಳ್ಳಿ, ಅದರ 25 ಮಿ.ಲೀ.ನಲ್ಲಿ ಸರಿಯಾಗಿ ಅಷ್ಟು ಇರುತ್ತದೆ. ಕಲಸುವ ನೀರನ್ನು 125ರಿಂದ 100ಕ್ಕೆ ಇಳಿಸಿ, ಈ 25ನ್ನು ಸೇರಿಸಿ.

ಏನೂ ಬೆರೆಸದ ಗಾರೆಯ ಪಟ್ಟಿಗಳು ಅದೇ ದಿನ, ಅದೇ ಸಿಮೆಂಟಿನಿಂದ ಆಗಲೇಬೇಕು. ಅವಿಲ್ಲದೆ ಬಂದ ಅಂಕಿಗೆ ಅರ್ಥವಿಲ್ಲ. ಎರಡು ಪದರದಲ್ಲಿ ತುಂಬಿ, ಅಚ್ಚನ್ನು ತಟ್ಟಿ, ಪ್ಲಾಸ್ಟಿಕ್ ಹಾಳೆ ಹೊದಿಸಿ. 24 ತಾಸಿಗೆ ಬಿಚ್ಚಿ ನೀರಿನಲ್ಲಿ ಮುಳುಗಿಸಿ. ಲ್ಯಾಟೆಕ್ಸಿನ ಪಟ್ಟಿಗಳನ್ನು ಮಾತ್ರ ಮುಳುಗಿಸದೆ, ಮೇಲೆ ಹೇಳಿದಂತೆ ಒಂದರಿಂದ ಮೂರು ದಿನ ತೇವವಾಗಿಟ್ಟು ಗಾಳಿಗೆ ಬಿಡಿ. ಸಕ್ಕರೆಯ ಪಟ್ಟಿ ಆಗಲೂ ಮೆತ್ತಗಿದ್ದರೆ ಇನ್ನೊಂದೆರಡು ದಿನ ಬಿಡಿ. ಮೂರನ್ನು 7ನೇ ದಿನ, ಮೂರನ್ನು 28ನೇ ದಿನ ಮುರಿಯಿರಿ. ಉಳಿದೆರಡು ಕೈತಪ್ಪಿ ಒಡೆದರೆ ಇರಲಿ ಎಂದು.

140 ಮಿ.ಮೀ. ಅಂತರದಲ್ಲಿ ಎರಡು ದುಂಡು ಸರಳುಗಳನ್ನಿಟ್ಟು ಅವುಗಳ ಮೇಲೆ ನೀರಿನಿಂದ ಆಗಷ್ಟೇ ತೆಗೆದು ಒರೆಸಿದ ಪಟ್ಟಿ ಇಡಿ. ನಡುವೆ ಗಟ್ಟಿ ತಂತಿಯ ಕೊಕ್ಕೆಯಿಂದ ಬಕೆಟ್ ತೂಗುಹಾಕಿ ನಿಧಾನವಾಗಿ ಮರಳು ಸುರಿಯಿರಿ. ಮುರಿದ ಕ್ಷಣ ನಿಲ್ಲಿಸಿ, ಬಕೆಟ್ಟಿನ ಸಮೇತ ತೂಗಿ. ಕೆ.ಜಿ.ಯನ್ನು 9.81ರಿಂದ ಗುಣಿಸಿದರೆ ನ್ಯೂಟನ್. ಅದನ್ನು 1.5ರಿಂದಲೂ 140ರಿಂದಲೂ ಗುಣಿಸಿ, ಪಟ್ಟಿಯ ಅಗಲ ಗುಣಿಸು ಎತ್ತರದ ವರ್ಗದಿಂದ ಭಾಗಿಸಿದರೆ ಮೆಗಾಪಾಸ್ಕಲ್‌ನಲ್ಲಿ ಬಾಗುವ ಬಲ. 19.4 ಕೆ.ಜಿ.ಗೆ ಮುರಿದರೆ ಸುಮಾರು 5 ಮೆಗಾಪಾಸ್ಕಲ್. ಎತ್ತರವನ್ನು ಮುರಿದ ಜಾಗದಲ್ಲೇ ಕ್ಯಾಲಿಪರಿನಿಂದ ಅಳೆಯಿರಿ. ಅದು 20ರ ಬದಲು 19 ಇದ್ದರೆ ಫಲಿತಾಂಶ ಶೇ. 10ರಷ್ಟು ತಪ್ಪುತ್ತದೆ. ಮೂರು ಪಟ್ಟಿಗಳ ಸರಾಸರಿಯಲ್ಲಿ ಶೇ. 10ಕ್ಕಿಂತ ಕಡಿಮೆ ವ್ಯತ್ಯಾಸ ಕಂಡರೆ ಅದನ್ನು ಲಾಭವೆಂದೋ ನಷ್ಟವೆಂದೋ ಬರೆದುಕೊಳ್ಳಬೇಡಿ.

ಸೋಪು, ಬೂದಿ, ಲ್ಯಾಟೆಕ್ಸ್ ಇವು ಗಾರೆಯ ಹದವನ್ನೇ ಬದಲಿಸುವುದರಿಂದ ಪರೀಕ್ಷೆಯನ್ನು ಎರಡು ರೀತಿ ಮಾಡಬೇಕು: ಒಮ್ಮೆ ನೀರು ಸಮನಾಗಿಟ್ಟು, ಇನ್ನೊಮ್ಮೆ ಹದ ಸಮನಾಗುವಷ್ಟು ನೀರು ಹಾಕಿ. ಮೊದಲನೆಯದು ವಸ್ತುವಿನ ಗುಣ ಹೇಳುತ್ತದೆ, ಎರಡನೆಯದು ಕೆಲಸದ ಜಾಗದಲ್ಲಿ ಆಗುವುದನ್ನು ಹೇಳುತ್ತದೆ. ಒಂದನ್ನೇ ಮಾಡಿ ಹೇಳಿದ ಫಲಿತಾಂಶಗಳೇ ಒಂದಕ್ಕೊಂದು ವಿರುದ್ಧವಾಗಿ ಕಾಣುವುದು.

ಹಿಡಿತಕ್ಕೆ ಎರಡು ಇಟ್ಟಿಗೆಗಳನ್ನು ಅಡ್ಡಡ್ಡ, ಕೂಡಿಸುವ ಚಿಹ್ನೆಯಂತೆ, 10 ಮಿ.ಮೀ. ಗಾರೆಯಿಂದ ಅಂಟಿಸಿ. ಪ್ರತಿ ಮಿಶ್ರಣಕ್ಕೂ ಇಂಥ ಆರು ಜೋಡಿ ಬೇಕು. 28 ದಿನ ಕಳೆದ ಮೇಲೆ ಮೂರನ್ನು ಒಣಗಿದ್ದಂತೆಯೇ ಬೇರ್ಪಡಿಸಿ, ಉಳಿದ ಮೂರನ್ನು ಒಂದು ವಾರ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಬೇರ್ಪಡಿಸಿ. ಕೆಳಗಿನ ಇಟ್ಟಿಗೆಯ ಎರಡು ತುದಿಗೂ ಸಮನಾಗಿ ತೂಕ ಹೇರಬೇಕು, ಓರೆಯಾಗಿ ಎಳೆದರೆ ಅಂಚಿನಿಂದ ಸೀಳುತ್ತದೆ. ಬೇರೆಯಾದ ಮೇಲೆ ಮುಖಗಳನ್ನು ನೋಡಿ: ಇಟ್ಟಿಗೆ ಚೊಕ್ಕವಾಗಿ ಕಂಡರೆ ಹಿಡಿತ ಸೋತಿದೆ, ಎರಡೂ ಕಡೆ ಗಾರೆ ಅಂಟಿಕೊಂಡಿದ್ದರೆ ಗಾರೆಯೇ ಸೋತಿದೆ. ಸೋಪಿನ ಗಾರೆಯಲ್ಲಿ ಇಟ್ಟಿಗೆಯ ಮುಖದ ಮೇಲೆ ಗುಳ್ಳೆಗಳ ಗುಂಡಗಿನ ಅಚ್ಚುಗಳು ಬರಿಗಣ್ಣಿಗೇ ಕಾಣಬಹುದು. ಬಿಳಿ ಗೋಂದಿನ ಜೋಡಿಗಳಲ್ಲಿ ನೋಡಬೇಕಾದ್ದು ಒಣ ಮೂರಕ್ಕೂ ನೆನೆದ ಮೂರಕ್ಕೂ ಇರುವ ಅಂತರ.